ದೋಣಿ ಕೊಳ್ಳುವಾಗ ಕಾರಿನ ಬುದ್ಧಿ ಬೇಡ

ಗೋವಾದಲ್ಲಿ ನೆಲೆಸಿದ ಕನ್ನಡಿಗರ ಕೈಯಲ್ಲಿ ಸ್ವಲ್ಪ ದುಡ್ಡು ಕೂಡಿತೆಂದರೆ ಒಂದು ಮೋಟಾರು ದೋಣಿಯ ಆಸೆ ಹುಟ್ಟುವುದುಂಟು. ಸುತ್ತ ನೀರೇ ಇರುವಾಗ ಅದರಲ್ಲಿ ತಪ್ಪೇನಿಲ್ಲ. ಆದರೆ ಧಾರವಾಡ, ಗದಗ, ಹಾವೇರಿಯ ಕಡೆಯಿಂದ ಬಂದ ನಾವು ದೋಣಿ ನೋಡಲು ಹೋಗುವಾಗಲೂ ಕಾರು ಕೊಳ್ಳುವ ಬುದ್ಧಿಯನ್ನೇ ಜೊತೆಗೆ ಒಯ್ಯುತ್ತೇವೆ. ಹೊಸದಾಗಿರಬೇಕು, ಎದುರಿನಿಂದ ಮಿಂಚಬೇಕು, ಮನೆಮಂದಿಯೆಲ್ಲ ಕೂರುವಂತಿರಬೇಕು, ಪೂಜೆಯ ದಿನ ಹಾರ ಹಾಕಿ ಫೋಟೊ ತೆಗೆಯುವಂತಿರಬೇಕು. ಇಲ್ಲಿನವರು ದೋಣಿಯನ್ನು ಹಿಂದಿನಿಂದ ನೋಡುತ್ತಾರೆ. ಎಂಜಿನ್ ತೂಗುಹಾಕುವ ಹಿಂಬದಿಯ ಹಲಗೆ ಗಟ್ಟಿಯಾಗಿದೆಯೇ ಎಂಬುದು ಅವರ ಮೊದಲ ಪ್ರಶ್ನೆ. ಬಣ್ಣದ ಮಾತು ಆಮೇಲೆ, ಅದೂ ಬಂದರೆ ಬಂತು. ಬಜೆಟ್ ಕಡಿಮೆ ಇದ್ದವರಿಗೆ ಅವರ ದಾರಿಯೇ ಸರಿ ಎಂಬುದು ನನ್ನ ಅನಿಸಿಕೆ.

ಹೊಸ ದೋಣಿಯ ಆಸೆಯನ್ನು ತೆರಿಗೆಯೇ ಅರ್ಧ ಇಳಿಸುತ್ತದೆ. ವಿಹಾರದ ದೋಣಿಗಳ ಮೇಲೆ 2025ರ ಸೆಪ್ಟೆಂಬರ್‌ನಿಂದ ಶೇ 40ರಷ್ಟು ಜಿಎಸ್‌ಟಿ. ಹಾಗಾಗಿ ಬಳಸಿದ ದೋಣಿ. ಬಳಸಿದ್ದೆಂದರೆ ಫೈಬರ್‌ನದು, ಅದರ ಮೈಮೇಲಿನ ಗೀರು, ಮಾಸಿದ ಬಣ್ಣ ಲೆಕ್ಕಕ್ಕಿಲ್ಲ. ಲೆಕ್ಕಕ್ಕಿರುವುದು ಒಳಗಿನ ಕೊಳೆತ. ಹಿಂಬದಿಯ ಹಲಗೆಯಲ್ಲಿ ಫೈಬರ್ ಪದರಗಳ ನಡುವೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ರಂಧ್ರಗಳಿಂದ ನೀರು ಇಳಿದರೆ ಅದು ಹೊರಗೆ ಕಾಣದಂತೆ ಕೊಳೆಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಒಂದು ಕಡೆ ಗಟ್ಟಿ ಸದ್ದು, ಇನ್ನೊಂದು ಕಡೆ ಮಂಕು ಸದ್ದು ಬಂದರೆ ಅನುಮಾನಿಸಬೇಕು. ಎಂಜಿನ್ನನ್ನು ಕೆಳಗಿನಿಂದ ಹಿಡಿದು ಮೇಲಕ್ಕೂ ಕೆಳಕ್ಕೂ ಜಗ್ಗಿದಾಗ ಹಲಗೆಯೇ ಅಲುಗಿದರೆ, ಬೆಲೆ ಎಷ್ಟೇ ಇಳಿಸಿದರೂ ಅಲ್ಲಿಂದ ಎದ್ದುಬರಬೇಕು.

ಎಂಜಿನ್ ನೋಡಲು ಹೋಗುವ ಮುನ್ನ ಅದನ್ನು ಚಾಲೂ ಮಾಡಿಡಬೇಡಿ ಎಂದು ಮಾಲೀಕರಿಗೆ ಹೇಳುವುದು ಒಳ್ಳೆಯದು. ಬಿಸಿ ಎಂಜಿನ್ ಎಲ್ಲರ ಎದುರೂ ಸುಲಭವಾಗಿ ಹೊತ್ತಿಕೊಳ್ಳುತ್ತದೆ, ತಣ್ಣಗಿನದು ಮಾತ್ರ ನಿಜ ಹೇಳುತ್ತದೆ. ಚಾಲೂ ಆದ ಮೇಲೆ ಪಕ್ಕದ ಸಣ್ಣ ರಂಧ್ರದಿಂದ ತಂಪು ಮಾಡುವ ನೀರಿನ ಧಾರೆ ನಿಲ್ಲದೆ ಚಿಮ್ಮಬೇಕು. ಕೆಳಗಿನ ತಿರುಪು ಬಿಚ್ಚಿಸಿ ಗೇರ್ ಎಣ್ಣೆ ನೋಡಬೇಕು. ಅದು ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಒಳಗೆ ನೀರು ಹೊಕ್ಕಿದೆ. ಯಾವ ಕಂಪನಿಯ ಎಂಜಿನ್ ಎಂಬ ಚರ್ಚೆ ನಮ್ಮವರಿಗೆ ಬಲು ಪ್ರೀತಿ. ನನ್ನ ಉತ್ತರ ಚಿಕ್ಕದು: ಪಣಜಿಯ ಎದುರು ದಡದ ಬೇತಿಯಲ್ಲಾಗಲಿ ನಿಮ್ಮೂರ ಜೆಟ್ಟಿಯಲ್ಲಾಗಲಿ ಮೀನುಗಾರರ ದೋಣಿ ರಿಪೇರಿ ಮಾಡುವ ಮೆಕ್ಯಾನಿಕ್ಕಿಗೆ ಯಾವುದರ ಬಿಡಿಭಾಗ ಕೈಗೆ ಸಿಗುತ್ತದೋ ಅದು.

ಮೈಲೇಜ್ ಎಷ್ಟು ಎಂದು ಕೇಳುವುದೂ ಕಾರಿನ ಚಾಳಿಯೇ. ನೀರಿನ ಮೇಲೆ ಲೆಕ್ಕ ಗಂಟೆಗೆ. ಇಪ್ಪತ್ತೈದು ಅಶ್ವಶಕ್ತಿಯ ಎಂಜಿನ್ ಪೂರ್ತಿ ವೇಗದಲ್ಲಿ ಗಂಟೆಗೆ ಎಂಟು-ಹತ್ತು ಲೀಟರ್ ಪೆಟ್ರೋಲ್ ಕುಡಿಯುತ್ತದೆ. ಅದಕ್ಕೇ ನನಗೆ ಮೀನುಗಾರರ ಉದ್ದನೆಯ, ಕಿರಿದಾದ ಫೈಬರ್ ದೋಣಿ ಇಷ್ಟ. ಹತ್ತು ಅಶ್ವಶಕ್ತಿಯ ಎಂಜಿನ್ನೇ ಅದಕ್ಕೆ ಸಾಕು, ಸಂಜೆ ಅದನ್ನು ಕಳಚಿ ಇಬ್ಬರು ಮನೆಗೆ ಹೊತ್ತು ತರಬಹುದು. ಮೆತ್ತನೆಯ ಸೀಟಿಲ್ಲ, ಮೇಲೆ ನೆರಳಿಲ್ಲ. ಹುಬ್ಬಳ್ಳಿಯಿಂದ ಬಂದ ಕಾಕಾ ಅದನ್ನು ನೋಡಿ, “ಇದಕ್ಕೇನೋ ತಮ್ಮಾ ಇಷ್ಟು ದುಡ್ಡು ಸುರಿದೆ?” ಎಂದು ಕೇಳುವುದು ಖಂಡಿತ. ಕೇಳಲಿ. ಪೆಟ್ರೋಲ್ ಹಾಕಿಸುವವರು ಅವರಲ್ಲ.

ಇಂಥ ದೋಣಿಗೆ ಸಮುದ್ರವೇ ಬೇಕೆಂದಿಲ್ಲ. ದಿವಾರ್, ಚೋರಾವ್ ದ್ವೀಪಗಳ ಸುತ್ತಲಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಮಾಂಡೋವಿಯನ್ನು ಜುವಾರಿಗೆ ಜೋಡಿಸುವ ಕುಂಬಾರ್ಜುವಾ ಕಾಲುವೆ (ಅಲ್ಲಿ ಮೊಸಳೆಗಳಿವೆ, ಕಾಲು ಇಳಿಬಿಡಬೇಡಿ) ಇವೇ ಬೇಕಾದಷ್ಟಾಯಿತು. ಇದೇ ಮಾಂಡೋವಿ ಖಾನಾಪುರದ ಕಾಡಿನಲ್ಲಿ ಮಹದಾಯಿಯಾಗಿ ಹುಟ್ಟಿದ ಹೊಳೆ. ನವಲಗುಂದದ ಕಡೆಯ ನಾನು ಅದರ ಮೇಲೆ ಮೋಜಿಗೆ ಅಡ್ಡಾಡುತ್ತೇನೆಂದು ಊರಿನಲ್ಲಿ ಹೆಚ್ಚು ಹೇಳಿಕೊಳ್ಳುವುದಿಲ್ಲ. ಅಗುವಾಡದ ಬಳಿಯ ಅಳಿವೆ ಮಾತ್ರ ಬೇರೆಯೇ ವಿಷಯ. ಇಳಿತದ ನೀರು ಹೊರಗೆ ನುಗ್ಗುವಾಗ ಮಧ್ಯಾಹ್ನದ ಸಮುದ್ರಗಾಳಿ ಎದುರಾದರೆ ಅಲೆಗಳು ಕಡಿದಾಗಿ ಏಳುತ್ತವೆ. ಮೊದಲ ದೋಣಿಯವರು ಆ ಕಡೆ ತಿರುಗದಿರುವುದೇ ಲೇಸು.

ನಿಲ್ಲಿಸಲು ಜಾಗವಿಲ್ಲದೆ ಕಾರು ಕೊಂಡು ಬೀದಿಯಲ್ಲಿ ಬಿಡುವುದು ಬೆಂಗಳೂರಿನಲ್ಲಿ ನಡೆಯುತ್ತದೆ. ಇಲ್ಲಿ ಜೂನ್‌ಗೆ ಮುಂಚೆ ದೋಣಿಯನ್ನು ದಡಕ್ಕೆಳೆದು, ಮಗುಚಿ, ಮಳೆಗಾಲ ಮುಗಿಯುವವರೆಗೆ ಮುಚ್ಚಿಡಲೇಬೇಕು. ಕೈಯಲ್ಲಿರುವ ದುಡ್ಡಿನಲ್ಲಿ ಒಂದು ಪಾಲು ಆ ಜಾಗಕ್ಕೆಂದು ಮೊದಲೇ ತೆಗೆದಿಡಿ. ಉಪ್ಪುನೀರಿನಲ್ಲಿ ಓಡಿದ ಎಂಜಿನ್ನಿಗೆ ಪ್ರತಿ ಸಲವೂ ಸಿಹಿನೀರು ಹಾಯಿಸಬೇಕು, ಹಾಗಾಗಿ ಹತ್ತಿರದಲ್ಲೊಂದು ನಲ್ಲಿಯೂ ಬೇಕು.

ಎಲ್ಲದರಲ್ಲೂ ಗೋವಾದವರನ್ನು ಹೊಗಳಲಾರೆ. ಲೈಫ್ ಜಾಕೆಟ್ ಎಂದರೆ ಪ್ರವಾಸಿಗರಿಗೆ ಎಂಬ ಧಿಮಾಕು ನನ್ನ ಕೆಲವು ಗೆಳೆಯರಲ್ಲಿದೆ. ಈಜು ಬರುವವರು ಅವರು, ಕೆರೆಯಲ್ಲಿ ಎಮ್ಮೆ ತೊಳೆದು ಬೆಳೆದ ನಾನಲ್ಲ. ಕಾಗದಪತ್ರದ ವಿಷಯದಲ್ಲೂ ಅವರದು “ನೋಡೋಣ” ಎಂಬ ಮಾತು. ಒಳನಾಡು ಜಲಯಾನಗಳ 2021ರ ಕಾಯ್ದೆಯ ಪ್ರಕಾರ ಯಂತ್ರದ ದೋಣಿಗೆ ತಪಾಸಣೆ, ನೋಂದಣಿ ಎರಡೂ ಬೇಕು. ಇಲ್ಲಿ ಅದನ್ನು ನೋಡಿಕೊಳ್ಳುವುದು ಪಣಜಿಯ ಕ್ಯಾಪ್ಟನ್ ಆಫ್ ಪೋರ್ಟ್ಸ್ ಇಲಾಖೆ. ಹಳೆಯ ದೋಣಿಯ ನೋಂದಣಿ ಯಾರ ಹೆಸರಿನಲ್ಲಿದೆ ಎಂದು ಮುಂಗಡ ಕೊಡುವ ಮೊದಲೇ ನೋಡಬೇಕು.

ಇನ್ನೂ ದುಡ್ಡು ಸಾಲದಿದ್ದರೆ ಗೋವಾದವರದೇ ಮತ್ತೊಂದು ಪದ್ಧತಿಯಿದೆ: ಎರಡು ಮನೆಗೆ ಒಂದು ದೋಣಿ. ಗಾಡಿಯ ಕೀಲಿಯನ್ನು ಸ್ವಂತ ತಮ್ಮನಿಗೆ ಕೊಡಲೂ ಹಿಂಜರಿಯುವ ನಮಗೆ ಇದು ಕಷ್ಟ. ಆದರೂ ಒಮ್ಮೆ ಒಪ್ಪಿ ನೋಡಿ. ರಿಪೇರಿ, ಬಣ್ಣ, ಮಳೆಗಾಲದ ಜಾಗದ ಬಾಡಿಗೆ ಸಮಪಾಲು, ಪೆಟ್ರೋಲ್ ಓಡಿಸಿದವರದು.