ನಿಮ್ಮಪ್ಪನಿಗೆ ಒಂದು ದೀರ್ಘ ಕಡಿಮೆ

ನಮ್ಮ ಅಕ್ಕನ ಮಗ ಇಂಜಿನಿಯರಿಂಗ್ ಮುಗಿಸಿ ಎರಡು ವರ್ಷವಾಯಿತು. ಸದ್ಯಕ್ಕೆ ಅವನಿಗಿರುವ ಕೆಲಸ ಒಂದೇ. 'ಏಲಿಯನ್' ಮತ್ತು 'ಬ್ಲೇಡ್ ರನ್ನರ್' ಚಿತ್ರಗಳ ಕಥೆ ಒಂದೇ ಲೋಕದಲ್ಲಿ ನಡೆಯುತ್ತದೆ ಅಂತ ಸಾಬೀತು ಮಾಡುವುದು. ಮೊನ್ನೆ ಸಂಜೆ ಬಳ್ಳಾರಿಯ ರಾಯಲ್ ಸರ್ಕಲ್ ಹತ್ತಿರ, ಬಂಡಿ ಮುಂದೆ ನಿಂತು ಮಿರ್ಚಿ ತಿನ್ನುತ್ತಾ ಅವನೂ ಅವನ ಗೆಳೆಯನೂ ಇದಕ್ಕೇ ಜಗಳಕ್ಕೆ ಬಿದ್ದಿದ್ದರು. ಪಾಲಿಗೆ ಕೂತ ಅಣ್ಣತಮ್ಮಂದಿರೂ ಅಷ್ಟು ಜೋರಾಗಿ ಕಿರುಚುವುದಿಲ್ಲ.

ಅಳಿಯನ ಸಾಕ್ಷಿಗಳು ಹೀಗಿವೆ. ಎರಡನ್ನೂ ಮಾಡಿದವರು ರಿಡ್ಲಿ ಸ್ಕಾಟ್, ಒಂದು 1979ರಲ್ಲಿ, ಇನ್ನೊಂದು 1982ರಲ್ಲಿ. ಮೊದಲನೆಯದರಲ್ಲಿ ನಾಯಕಿ ತಪ್ಪಿಸಿಕೊಂಡು ಹೋಗುವ ಸಣ್ಣ ನೌಕೆಯ ಪರದೆ ಮೇಲೆ ಮೂಡುವ ಅಕ್ಷರಗಳೇ ಎರಡನೆಯದರಲ್ಲಿ ಹಾರುವ ಕಾರಿನ ಪರದೆ ಮೇಲೂ ಬರುತ್ತವೆ.

"ದುಡ್ಡು ಉಳಿಸಾಕೆ ಹಳೇದನ್ನೇ ಹಾಕಿರಬೇಕು ಬಿಡೋ" ಅಂದೆ.

ಗುಡಿಯೊಳಗೆ ಚಪ್ಪಲಿ ಹಾಕಿಕೊಂಡು ಬಂದವನನ್ನು ನೋಡುವ ಹಾಗೆ ನೋಡಿದ. ಆಮೇಲೆ ಇನ್ನೊಂದು ತೆಗೆದ. ಏಲಿಯನ್ ಸರಣಿಯದೇ ಆದ 2012ರ 'ಪ್ರೊಮೀಥಿಯಸ್' ಚಿತ್ರದ ಡಿಸ್ಕಿನಲ್ಲಿ ಒಂದು ಕಂಪನಿಯ ಯಜಮಾನ ತನ್ನ ಹಳೆಯ ಗುರುವನ್ನು ನೆನೆಯುತ್ತಾನಂತೆ. ಆ ಗುರು ಪಿರಮಿಡ್ಡಿನ ಮೇಲೆ ಕೂತಿದ್ದವನು. ಬ್ಲೇಡ್ ರನ್ನರ್‌ನಲ್ಲಿ ಕೃತಕ ಮನುಷ್ಯರನ್ನು ತಯಾರಿಸುವ ಟೈರೆಲ್ ಅನ್ನುವವನು ಇರುವುದೂ ಪಿರಮಿಡ್ಡಿನಲ್ಲೇ. ಹೆಸರು ಎಲ್ಲೂ ಹೇಳಿಲ್ಲ. ಹೇಳದಿದ್ದರೂ ಸಾಕಂತೆ.

ಗೆಳೆಯ ಬಿಡುತ್ತಾನಾ? ಬ್ಲೇಡ್ ರನ್ನರ್ ನಡೆಯುವುದು 2019ರ ನವೆಂಬರಿನಲ್ಲಿ. ಆಗಲೇ ಮನುಷ್ಯರಂಥದ್ದೇ ಕೃತಕ ಮನುಷ್ಯರು ಇರುತ್ತಾರೆ. ಹಾಗಾದರೆ ನೂರು ವರ್ಷದ ಮೇಲೆ ಏಲಿಯನ್ ಹಡಗಿನಲ್ಲಿ ಒಬ್ಬ ರೋಬಾಟ್ ಅಂತ ಗೊತ್ತಾದಾಗ ಎಲ್ಲರೂ ಯಾಕೆ ಬೆಚ್ಚಿಬೀಳಬೇಕು? ಒಳ್ಳೆ ಪ್ರಶ್ನೆ. ಅಳಿಯ ಅದಕ್ಕೆ ಉತ್ತರ ಕೊಡದೆ ಇನ್ನೊಂದು ಪ್ಲೇಟ್ ಹೇಳಿದ.

ನನಗೆ ಆ 2019ರ ನವೆಂಬರ್ ಚೆನ್ನಾಗಿ ನೆನಪಿದೆ. ಅಪ್ಪ ತೀರಿಕೊಂಡದ್ದು ಅದೇ ತಿಂಗಳು. ಬಳ್ಳಾರಿಯಲ್ಲಿ ಹಾರುವ ಕಾರು ಸಿಗಲಿಲ್ಲ. ಕೆಂಪು ಬಸ್ಸಿನಲ್ಲಿ ಹೊಸಪೇಟೆ ದಾಟಿ ಊರಿಗೆ ಹೋದೆವು. ಅಪ್ಪನ ಹೆಸರಲ್ಲಿ ಎರಡೂವರೆ ಎಕರೆ ಇದೆ. ಅದನ್ನು ವಾರಸುದಾರರ ಹೆಸರಿಗೆ ಮಾಡಿಸುವ ಪೌತಿ ಖಾತೆಗೆಂದು ಈ ವರ್ಷ ಒಂದು ಕಚೇರಿಗೆ ಅಲೆಯುತ್ತಿದ್ದೇನೆ. ಯಾವ ಕಚೇರಿ ಅಂತ ಹೇಳುವುದಿಲ್ಲ. ಹೇಗೂ ಓದಿದವರೆಲ್ಲ ತಮ್ಮೂರಿನದೇ ಅಂದುಕೊಳ್ಳುತ್ತೀರಿ.

ಅಲ್ಲಿನ ಗುಮಾಸ್ತರು ಒಳ್ಳೆಯವರು. ಮೂರು ಕಾಗದಗಳನ್ನು ಸಾಲಾಗಿ ಹರಡಿ, ಫ್ಯಾನಿಗೆ ಹಾರದಂತೆ ಒಂದರ ಮೇಲೆ ಚಹಾ ಲೋಟ, ಇನ್ನೊಂದರ ಮೇಲೆ ಸ್ಟೇಪ್ಲರ್, ಮತ್ತೊಂದರ ಮೇಲೆ ತಮ್ಮ ಮೊಬೈಲ್ ಇಟ್ಟರು. ಪೆನ್ನಿನ ಕ್ಯಾಪಿನಿಂದ ಒಂದೊಂದೇ ಅಕ್ಷರ ಮುಟ್ಟುತ್ತಾ ಓದಿದರು. ಪಹಣಿಯಲ್ಲಿ ಪಂಪಾಪತಿ. ಆಧಾರಿನಲ್ಲಿ ಪಂಪಪತಿ. ಮರಣ ಪತ್ರದಲ್ಲಿ ಪಂಪಾಪತೆಪ್ಪ.

"ಸರ್, ಹೆಸರು ಮ್ಯಾಚ್ ಆಗ್ತಿಲ್ಲ. ಆಧಾರಲ್ಲಿ ನಿಮ್ಮಪ್ಪನಿಗೆ ಒಂದು ದೀರ್ಘ ಕಡಿಮೆ ಐತೆ ನೋಡ್ರಿ."

"ಮೂವರೂ ಒಬ್ಬರೇ ರೀ. ನಮ್ಮಪ್ಪ."

"ಅದು ನಿಮಗೆ ಗೊತ್ತು, ನನಗೂ ಗೊತ್ತು. ಕಂಪ್ಯೂಟರಿಗೆ ಗೊತ್ತಿಲ್ಲ. ಸತ್ತವರು ಪಂಪಾಪತೆಪ್ಪ. ಹೊಲ ಇರೋದು ಪಂಪಾಪತಿದು. ಅವರಿನ್ನೂ ಬದುಕವ್ರೆ."

ಒಂದು ಕ್ಷಣ ಖುಷಿಯಾಯಿತು, ಸುಳ್ಳು ಹೇಳಲ್ಲ.

ಇದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡೇ ನಾನು ಆ ಬಂಡಿ ಮುಂದೆ ನಿಂತಿದ್ದೆ. ಅಳಿಯ ಮುಂದಿನ ಪ್ಲೇಟ್ ಜೊತೆ ಇನ್ನೊಂದು ವಿಷಯ ಹೇಳಿದ. ಏಲಿಯನ್ ಚಿತ್ರದಲ್ಲಿ ಒಂದು ದೊಡ್ಡ ಕಂಪನಿ ಬರುತ್ತದೆ. 1979ರ ಚಿತ್ರದಲ್ಲಿ, ಬಿಯರ್ ಕ್ಯಾನಿನ ಮೇಲೆ ಸೇರಿ, ಅದರ ಹೆಸರು 'ವೇಲನ್-ಯುಟಾನಿ'. 1986ರ ಎರಡನೇ ಭಾಗದ ಹೊತ್ತಿಗೆ 'ವೇಲಂಡ್-ಯುಟಾನಿ'. ಎಲ್ಲಿಂದಲೋ ಒಂದು 'ಡ' ಬಂದು ಅಂಟಿಕೊಂಡಿತು.

ನನ್ನ ಕೈಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು.

"ಆಮೇಲೆ? ಅಫಿಡವಿಟ್ ಕೊಟ್ಟರಾ?"

"ಯಾರು ಮಾಮ?"

"ಕಂಪನಿಯವರು."

"ಏನೂ ಇಲ್ಲ. ಎಲ್ಲರೂ ಒಂದೇ ಕಂಪನಿ ಅಂತ ಸುಮ್ನೆ ಒಪ್ಪಿಕೊಂಡರು."

ನೋಡಿ, ಅಷ್ಟು ದೊಡ್ಡ ಕಂಪನಿ. ಗ್ರಹ ಗ್ರಹಗಳಲ್ಲಿ ಆಸ್ತಿ. ಹೆಸರಲ್ಲಿ ಪೂರಾ ಒಂದು ಅಕ್ಷರ ಬದಲಾದರೂ ಖಾತೆ ನಿಲ್ಲಲಿಲ್ಲ. 1990ರ 'ಪ್ರೆಡೇಟರ್ 2' ಅನ್ನುವ, ಬೇರೆಯೇ ಒಂದು ಅನ್ಯಗ್ರಹ ಪ್ರಾಣಿಯ ಚಿತ್ರದಲ್ಲಿ ಗೋಡೆಗೆ ಒಂದು ಏಲಿಯನ್ ಬುರುಡೆ ತೂಗುಹಾಕಿದ್ದರಂತೆ. ಎರಡು ಲೋಕ ಬೀಗರಾಗಲು ಜನರಿಗೆ ಅದೇ ಸಾಕಾಯಿತು. 2004ರಲ್ಲಿ ಎರಡೂ ಪ್ರಾಣಿಗಳನ್ನು ಸೇರಿಸಿ ಚಿತ್ರವೇ ಬಂತು. ನಾನು ಅಪ್ಪನ ವೋಟರ್ ಕಾರ್ಡು, ರೇಷನ್ ಕಾರ್ಡು, ಸೊಸೈಟಿ ಪಾಸ್‌ಬುಕ್ಕು ಎಲ್ಲ ತೂಗುಹಾಕಿದೆ. ಪಾಸ್‌ಬುಕ್ಕಿನಲ್ಲಿ ನಾಲ್ಕನೇ ಹೆಸರು ಸಿಕ್ಕಿತು.

ಲೋಕ ಲೋಕಗಳನ್ನು ಸೇರಿಸುವುದು ನಮ್ಮ ಕಡೆಯವರಿಗೆ ಬರದ ವಿದ್ಯೆ ಏನಲ್ಲ. ತುಂಗಭದ್ರಾ ಅಣೆಕಟ್ಟು ನೋಡಿ. ಆಗ ಬಳ್ಳಾರಿ ಮದ್ರಾಸಿನಲ್ಲಿತ್ತು, ಆಚೆ ದಂಡೆಯ ಕೊಪ್ಪಳ ನಿಜಾಮರ ಹೈದರಾಬಾದಿನಲ್ಲಿತ್ತು. ಆ ಸರ್ಕಾರ ಆ ದಂಡೆಯಿಂದ, ಈ ಸರ್ಕಾರ ಈ ದಂಡೆಯಿಂದ ಕಟ್ಟುತ್ತಾ ಬಂದು ಹೊಳೆ ನಡುವೆ ಕೂಡಿದವು. ಇಬ್ಬರು ನಿರ್ದೇಶಕರು, ಒಂದೇ ಸಿನಿಮಾ. ಗೋಡೆ ಕೂಡಿತು, ನೀರೂ ನಿಂತಿತು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು, 1956ರಲ್ಲಿ ಕೊಪ್ಪಳ, ರಾಯಚೂರು ಬಂದವು. ಅಷ್ಟು ದೊಡ್ಡ ಮೂರು ಕಥೆ ಒಂದಾಗಿವೆ. ನಮ್ಮಪ್ಪ ಇನ್ನೂ ಒಂದಾಗಿಲ್ಲ.

ಕೊನೆಗೆ ಸ್ಟ್ಯಾಂಪ್ ಪೇಪರ್ ಮೇಲೆ ಅಫಿಡವಿಟ್ ಆಯಿತು. ಪಂಪಾಪತಿ, ಪಂಪಪತಿ, ಪಂಪಾಪತೆಪ್ಪ ಈ ಮೂರೂ ಹೆಸರು ಒಬ್ಬರದೇ ಎಂದು ನಾನು ಪ್ರಮಾಣ ಮಾಡಿದೆ, ನೋಟರಿ ಸೀಲು ಬಿತ್ತು. ಗುಮಾಸ್ತರು ಎರಡು ಸಲ ಓದಿ ತಲೆಯಾಡಿಸಿದರು. ನನಗೆ ಕಣ್ಣು ತುಂಬಿ ಬರುವುದೊಂದು ಬಾಕಿ.

ಅಷ್ಟರಲ್ಲಿ ಪೆನ್ನಿನ ಕ್ಯಾಪು ಮತ್ತೆ ಕೆಳಗಿಳಿಯಿತು.

"ಸರ್, ಮರಣ ಪತ್ರದಲ್ಲಿ ಊರು ಬಳ್ಳಾರಿ ಜಿಲ್ಲೆ ಅಂತೈತೆ. ಪಹಣಿಯಲ್ಲಿ ವಿಜಯನಗರ ಜಿಲ್ಲೆ."

"ಅಪ್ಪ ಹೋಗಿದ್ದು 2019ರಲ್ಲಿ. ಜಿಲ್ಲೆ ಒಡೆದಿದ್ದು 2021ರಲ್ಲಿ ರೀ. ಊರು ಅಲ್ಲೇ ಐತೆ. ಅದೇ ಹುಣಸೆಮರ, ಅದೇ ಹನುಮಪ್ಪನ ಗುಡಿ."

"ಇರಬಹುದು ಸರ್. ಎರಡೂ ಊರು ಒಂದೇ ಅಂತ ಇನ್ನೊಂದು ಅಫಿಡವಿಟ್ ಕೊಟ್ಟುಬಿಡ್ರಿ, ಸೇಫು."

ಈ ಸಲ ಅಳಿಯನನ್ನೂ ಕರೆದುಕೊಂಡು ಹೋದೆ. ಅವನಿಗೆ ಹಬ್ಬ. ಒಂದೇ ಊರು, ಎರಡು ಜಿಲ್ಲೆ, ನಡುವೆ ಸತ್ತೂ ಸಾಯದ ತಾತ. ಇಂಥ ಕಥೆ ಹಾಲಿವುಡ್‌ನವರಿಗೂ ಹೊಳೆದಿಲ್ಲ ಅಂದ. ಟೈಪಿಸ್ಟ್ ಹಣೆ ಬೆವರು ಒರೆಸಿಕೊಂಡು ಮೊದಲ ಸಾಲು ಹೊಡೆಯುವಾಗ ಅವರ ಪಕ್ಕ ಬಗ್ಗಿ ಕೇಳಿದ.

"ಅಣ್ಣಾ, ಹಂಗೇ ಇನ್ನೊಂದು ಮಾಡಿಕೊಡ್ತೀರಾ? ವೇಲನ್ ಯುಟಾನಿ, ವೇಲಂಡ್ ಯುಟಾನಿ ಎರಡೂ ಒಂದೇ ಅಂತ."

ಟೈಪಿಸ್ಟ್ ತಲೆ ಎತ್ತಲಿಲ್ಲ.

"ಯಾವ ತಾಲೂಕು?"