ರೇನ್ ಕವರ್ ಅನ್ನೋ ಮೋಸ

ಬ್ಯಾಗಿನ ಜೊತೆ ಬರೋ ರೇನ್ ಕವರ್ ಒಂದನ್ನೇ ನಂಬಿ ಜುಲೈನಲ್ಲಿ ಕುದುರೆಮುಖ ಹತ್ತೋರಿಗೆ ಏನು ಹೇಳೋಣ!

ಆ ಕವರ್ ಮುಚ್ಚೋದು ಬ್ಯಾಗಿನ ಹೊರಮೈ ಮಾತ್ರ. ಬೆನ್ನಿಗೆ ತಾಗೋ ಕಡೆ ಪೂರ್ತಿ ಬಯಲು. ಕತ್ತಿನ ಹಿಂದೆ ಇಳಿಯೋ ನೀರು ಹೆಗಲಪಟ್ಟಿ ಹಿಡಿದು, ಬೆನ್ನಿನ ಸ್ಪಂಜು ತೋಯಿಸಿ, ಹೊಲಿಗೆ ತೂತುಗಳಿಂದ ಒಳಗೆ ನುಗ್ಗುತ್ತೆ. ಮಿಕ್ಕಿದ್ದು ಕವರಿನ ಹೊಟ್ಟೆಯಲ್ಲಿ ಚೊಂಬುಗಟ್ಟಲೆ ನಿಲ್ಲುತ್ತೆ. ಸ್ಲೀಪಿಂಗ್ ಬ್ಯಾಗ್ ಇಟ್ಟಿರೋದು ಸರಿಯಾಗಿ ಅಲ್ಲೇ, ತಳದಲ್ಲಿ. ಅಭಿಷೇಕ! ಶೋಲಾ ಕಾಡು ದಾಟಿ ಹುಲ್ಲುಗುಡ್ಡದ ನೆತ್ತಿಗೆ ಬಂದರಂತೂ ಗಾಳಿಗೆ ಕವರೇ ಉಬ್ಬಿ ಕಿತ್ತುಕೊಂಡು ಹೋಗುತ್ತೆ.

ಪ್ಲಾಸ್ಟಿಕ್ ಇರಬೇಕಾದ್ದು ಒಳಗೆ. 50 ಲೀಟರ್ ಬ್ಯಾಗಿಗೆ 70–80 ಲೀಟರಿನ ದಪ್ಪ ಚೀಲ ಹಾಕಿ, ಸಾಮಾನು ತುಂಬಿ, ಗಾಳಿ ಒತ್ತಿ ತೆಗೆದು, ಬಾಯಿಯನ್ನು ನಾಲ್ಕೈದು ಸುತ್ತು ತಿರುಚಿ, ಮಡಚಿ, ರಬ್ಬರ್ ಬ್ಯಾಂಡ್ ಹಾಕಬೇಕು. ಬರೀ ಗಂಟು ಸಾಲದು, ಸಂದಿಯಲ್ಲಿ ನೀರು ಇಳಿಯುತ್ತೆ. ಕವರ್ ಬೇಕೇ ಬೇಕು ಅಂದರೆ ಕವರಿನ ತಳದಲ್ಲಿ ಕಾಳುಮೆಣಸಿನಷ್ಟು ತೂತು ಮಾಡಿ, ನಿಂತ ನೀರು ಇಳಿದುಹೋಗಲಿ.

ಗದ್ದೆ ಕೆಲಸದವರು ಮಳೆಗೆ ಹೊದೆಯೋ ಕೊಪ್ಪೆ ನೋಡಿ, ತಲೆಯಿಂದ ಸೊಂಟದ ಕೆಳಗಿನ ತನಕ ಬೆನ್ನು ಪೂರ್ತಿ ಮುಚ್ಚುತ್ತೆ. ಸಾವಿರಾರು ರೂಪಾಯಿ ಬ್ಯಾಗಿಗೆ ಅಷ್ಟೂ ಬರಲ್ಲ.