ಗ್ರೀಫ್ ಪದ ಗೋರಿಯಿಂದ ಬಂದದ್ದಲ್ಲ

ಕಲಬುರಗಿಯ ನಮ್ಮ ಓಣಿಯ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಓಡಾಡುತ್ತಿದೆ. ದುಃಖಕ್ಕೆ ಇಂಗ್ಲಿಷಿನವರು ಹೇಳುವ 'ಗ್ರೀಫ್', ಗೋರಿ ಅನ್ನುವ ಅರ್ಥದ 'ಗ್ರೇವ್'ನಿಂದ ಹುಟ್ಟಿತಂತೆ. ಅದಕ್ಕೇ ಸಾವಿನ ದುಃಖಕ್ಕೆ ಮಾತ್ರ ಅದನ್ನು ಬಳಸಬೇಕಂತೆ. ಎರಡೂ ತಪ್ಪು.

ಗೋರಿಯ 'ಗ್ರೇವ್' ಹಳೆಯ ಇಂಗ್ಲಿಷಿನದೇ ಪದ. ಅಗೆಯುವುದು ಅನ್ನೋ ಅರ್ಥದ ಕ್ರಿಯಾಪದದಿಂದ ಬಂದದ್ದು. 'ಗ್ರೀಫ್' ಬಂದದ್ದು 13ನೇ ಶತಮಾನದಲ್ಲಿ, ಹಳೆಯ ಫ್ರೆಂಚಿನಿಂದ. ಅದರ ಬೇರು ಲ್ಯಾಟಿನ್ನಿನ 'ಗ್ರಾವಿಸ್', ಅಂದ್ರೆ ಭಾರ. ಗಂಭೀರ ಅನ್ನುವ ಅರ್ಥದ ಇನ್ನೊಂದು 'ಗ್ರೇವ್' ಇದೆಯಲ್ಲ, ಅದೂ 'ಗ್ರಾವಿಟಿ'ಯೂ ಇದೇ ಮನೆಯವು. ಉಚ್ಚಾರ ಒಂದೇ ಇರೋದ್ರಿಂದ ಗೊಂದಲ ಆಗಿರಬೇಕು, ಪಾಪ.

ಭಾರ ಅನ್ನುವ ಅರ್ಥದ ಸಂಸ್ಕೃತದ 'ಗುರು' ಕೂಡ ಈ 'ಗ್ರಾವಿಸ್'ನ ದಾಯಾದಿ. ಛಂದಸ್ಸಿನ ಲಘು-ಗುರು, ಗುರುತ್ವಾಕರ್ಷಣೆ ನೆನಪಿಸಿಕೊಳ್ಳಿ. ನನಗಂತೂ ಆ ಸುಳ್ಳು ಕಥೆಗಿಂತ ಇದೇ ಜಾಸ್ತಿ ಚೆಂದ ಕಾಣುತ್ತದೆ. ಮೊನ್ನೆ ಪಕ್ಕದ ಮನೆಯ ಆಯಿ ಮಗಳನ್ನು ಗಂಡನ ಮನೆಗೆ ಕಳಿಸಿ ಬಂದು ಕಟ್ಟೆ ಮೇಲೆ ಕೂತರು. "ಎದಿ ಭಾರ ಆಗ್ಯಾದವ್ವಾ" ಅಂದರು. ಲ್ಯಾಟಿನ್ ಗೊತ್ತಿಲ್ಲದಿದ್ದರೂ ಅದೇ ಮಾತು, ಅಲ್ವಾ?

ಸಾವಿಗೆ ಮಾತ್ರ ಅನ್ನೋದೂ ಸುಮ್ನೆ. ಇಂಗ್ಲಿಷಿನಲ್ಲಿ ಮೊದಲು ಅದಕ್ಕೆ ಕಷ್ಟ, ನೋವು, ಅನ್ಯಾಯ ಅನ್ನೋ ಅರ್ಥಗಳೂ ಇದ್ದವು. ಕಚೇರಿಗಳಲ್ಲಿ ಕುಂದುಕೊರತೆಗೆ 'ಗ್ರೀವನ್ಸ್' ಅಂತಾರಲ್ಲ, ಅದೂ ಇದೇ ಬಳ್ಳಿಯ ಕಾಯಿ. ನೀರು ಬಂದಿಲ್ಲ ಅಂತ ಅರ್ಜಿ ಕೊಡಲು ಯಾರೂ ಸಾಯಬೇಕಿಲ್ಲ.